ನೆಳ್ಳವ್ವನನ್ನು ಹುಟ್ಟಿಸಿದವಳು

ಮೊಮ್ಮಗನಿಗೆ ತಂದಿದ್ದ ಹೊಸ ಜೀನ್ಸ್ ಪ್ಯಾಂಟನ್ನು ಮೊನ್ನೆ ನೀರಿಗೆ ಹಾಕಿದೆ. ಬಕೆಟ್ಟಿನ ನೀರು ನೀಲಿಯಾಯಿತು. ಗಂಜಿ, ಬಣ್ಣ, ಮಷೀನಿನ ಎಣ್ಣೆ ಎಲ್ಲ ಬೆರೆತ ವಾಸನೆ ಮೂಗಿಗೆ ಬಂದದ್ದೇ ತಡ, ರಾಯದುರ್ಗದ ಆ ತಗಡಿನ ಶೆಡ್ಡು ಕಣ್ಣ ಮುಂದೆ ನಿಂತಿತು. ಅದರ ಜೊತೆಗೆ ನನ್ನ ಪಕ್ಕದ ಮಷೀನಿನ ಅಕ್ಕ...

ಆ ಶೆಡ್ಡಿನಲ್ಲಿ ನಾವು ಹತ್ತಾರು ಹೆಂಗಸರು ಜೀನ್ಸ್ ಹೊಲಿಯುತ್ತಿದ್ದೆವು. ಅಕ್ಕ ಜೇಬು ಕೂಡಿಸುತ್ತಿದ್ದಳು, ನಾನು ಸೊಂಟಪಟ್ಟಿ. ಅವಳ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಡಕಲು ಮೈಯಾದರೂ ದನಿ ಮಾತ್ರ ಗಟ್ಟಿ, ಮಷೀನುಗಳ ಸದ್ದನ್ನು ದಾಟಿ ಕೇಳಿಸುತ್ತಿತ್ತು. ಕರೆಂಟು ಹೋದಾಗಲೆಲ್ಲ ನಾವು ಅವಳ ಸುತ್ತ ಸೇರುತ್ತಿದ್ದೆವು. ಅವಳು ಒಂದು ನಾಡಿನ ಕತೆ ಹೇಳುತ್ತಿದ್ದಳು. ಹಿರಿಯರಿಂದ ಕೇಳಿದ್ದಲ್ಲ, ಅವಳೇ ಕಟ್ಟಿದ್ದು.

ಆ ನಾಡು ನಮ್ಮೂರಿನ ಕೋಟೆಬೆಟ್ಟದ ಅಡಿಯಲ್ಲಿತ್ತು. ಅಲ್ಲಿ ಮೊದಲು ಸೂರ್ಯನೂ ಇರಲಿಲ್ಲ, ನೆರಳೂ ಇರಲಿಲ್ಲ. ಸೂರ್ಯ ಹುಟ್ಟಿದ ದಿನ ಮನುಷ್ಯರಿಂದ ಕಳಚಿಕೊಂಡು ನೆರಳುಗಳು ಓಡತೊಡಗಿದವು. ಆಗ ನೆಳ್ಳವ್ವ ಎಂಬ ನೆರಳಿನ ಅವ್ವ ತನ್ನ ಕೂದಲನ್ನೇ ದಾರ ಮಾಡಿ ಒಬ್ಬೊಬ್ಬರ ನೆರಳನ್ನೂ ಅವರವರ ಹಿಮ್ಮಡಿಗೆ ಹೊಲಿದಳು. ಹೊಲಿಗೆ ಬಿಚ್ಚಿದರೆ ನೆರಳು ಅವಳ ಬಳಿಗೆ ಹಿಂತಿರುಗುತ್ತದೆ, ಮನುಷ್ಯ ಬಹಳ ದಿನ ಉಳಿಯುವುದಿಲ್ಲ. ಅಲ್ಲಿ ಸೂಜಿ ಮನೆಯವರಿದ್ದರು, ಕತ್ತರಿ ಮನೆಯವರಿದ್ದರು. ಇವರು ಅವರ ಹೆಣ್ಣು ತರುವಂತಿಲ್ಲ. ಯಾಕೆಂದರೆ ಹಿಂದೊಂದು ಯುದ್ಧ, ಆ ಯುದ್ಧದ ಹಿಂದೆ ಒಂದು ಶಾಪ, ಶಾಪದ ಹಿಂದೆ ಇನ್ನೊಂದು ವಂಶ... ನನಗೆ ಎಷ್ಟು ಸಲ ಕೇಳಿದರೂ ಅದು ಅದಲು ಬದಲಾಗುತ್ತಿತ್ತು. ಅಕ್ಕ ಒಮ್ಮೆಯೂ ತಪ್ಪಿದವಳಲ್ಲ.

"ನೆಳ್ಳವ್ವನ ತಾಯಿ ಯಾರಕ್ಕ?" ಎಂದು ಕೇಳಿದ್ದೆ.

"ಆಕಿಗೆ ತಾಯಿ ಇಲ್ಲ. ಅದಕ್ಕ ಆಕಿಗೆ ಕರುಣೆ ಅಂದ್ರ ಏನಂತ ಗೊತ್ತಿಲ್ಲ."

ಒಂದು ದಿನ ಅಕ್ಕ ಸೂಜಿ ಮನೆಯ ಕಿರಿಮಗಳ ಹೊಲಿಗೆ ಬಿಚ್ಚಿತೆಂದು ಹೇಳಿ ಕತೆ ನಿಲ್ಲಿಸಿದಳು. ಮರುದಿನ, ನಮ್ಮಲ್ಲಿ ಗುಂಡಿ ಹಾಕುತ್ತಿದ್ದ ಹುಡುಗಿ ಕೆಲಸಕ್ಕೆ ಬರಲಿಲ್ಲ. ಜ್ವರ ತಲೆಗೇರಿ ಬಳ್ಳಾರಿ ಆಸ್ಪತ್ರೆಗೆ ಸೇರಿಸಿದ್ದರು. ಅಂದು ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು.

ಕೆಲವು ದಿನ ಕಳೆದು, ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿಯ ತಾಯಿ ಶೆಡ್ಡಿಗೆ ಬಂದು ಅಕ್ಕನ ಮಷೀನಿನ ಮುಂದೆ ನೆಲದ ಮೇಲೆ ಕೂತಳು.

"ಯವ್ವಾ, ನೀ ಬಿಚ್ಚಿದ್ದನ್ನ ನೀನ ಹೊಲಿ."

"ಅದು ನಾ ಕಟ್ಟಿದ ಕತಿರಿ. ಡಾಕ್ಟರು ಹೇಳಿದಂಗ ಕೇಳ್ರಿ, ಮಗಳತ್ರ ಹೋಗ್ರಿ."

"ಬರೇ ಕತಿ ಆದ್ರ, ಹೊಲಿಯಾಕ ನಿನಗೇನು ಕಷ್ಟ?"

ಅಕ್ಕ ಕೈಲಿದ್ದ ಜೇಬಿನ ತುಂಡನ್ನು ಕೆಳಗಿಟ್ಟಳು. ನಾವೆಲ್ಲ ಮಷೀನು ನಿಲ್ಲಿಸಿದೆವು. ನೆಳ್ಳವ್ವ ಹಿಂತಿರುಗಿ ಬಂದಳು, ಕಿರಿಮಗಳ ಹಿಮ್ಮಡಿಗೆ ಮತ್ತೆ ದಾರ ಹಾಕಿದಳು ಎಂದು ಅಕ್ಕ ಹೇಳಿದಳು. ತಾಯಿ ಒಂದೊಂದು ಮಾತಿಗೂ ತುಟಿ ಅಲ್ಲಾಡಿಸುತ್ತಿದ್ದಳು.

ಹುಡುಗಿ ಉಳಿದಳು. ಶೆಡ್ಡಿನಲ್ಲಿ ಬೆಲ್ಲ ಹಂಚಿದರು. ಅಕ್ಕ ಮಾತ್ರ ತಿನ್ನಲಿಲ್ಲ. "ಇದು ಚಲೋ ಆಗಲಿಲ್ಲ ನೋಡು," ಎಂದು ನನಗೊಬ್ಬಳಿಗೇ ಕೇಳುವಂತೆ ಅಂದಳು.

ಆಮೇಲೆ ಜನ ಬರತೊಡಗಿದರು. ನೇಮಕಲ್ಲು ಹಳ್ಳಿಯ ಕಡೆಯಿಂದಲೂ ರೋಗಿಗಳನ್ನು ಆಟೋದಲ್ಲಿ ತಂದು ಅವಳ ಅಂಗಳದಲ್ಲಿ ನಿಲ್ಲಿಸಿ, ನೆರಳು ನೋಡು ಎನ್ನುತ್ತಿದ್ದರು. ಸುಳ್ಳು ಕತೆ ಎಂದು ಅಕ್ಕ ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತಿತ್ತು. ಕೊನೆಗೆ ಅವಳು ಬಾಗಿಲು ಹಾಕಿಕೊಂಡಳು. ಹಾಗೆ ಬಾಗಿಲು ತೆರೆಯದೆ ವಾಪಸು ಕಳಿಸಿದವರಲ್ಲಿ ಒಬ್ಬ ಕುರಿ ಸಾಕುವವನು ಸತ್ತುಹೋದ. ಅವನ ತಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಕೂಗಾಡಲಿಲ್ಲ.

"ಆ ಹುಡುಗಿಗೆ ಹೊಲಿದಿ. ನಮ್ಮಣ್ಣಗ ಯಾಕ ಹೊಲಿಲಿಲ್ಲ?"

ಮರುದಿನದಿಂದ ಹೆಂಗಸರು ತಮ್ಮ ಮಷೀನುಗಳನ್ನು ಅವಳಿಂದ ದೂರಕ್ಕೆ ಎಳೆದುಕೊಂಡರು. ಅವಳ ನೆರಳು ಬಿದ್ದ ಕಡೆ ಕಾಲಿಡುತ್ತಿರಲಿಲ್ಲ. ಕೆಲಸ ನಿಲ್ಲುತ್ತದೆಂದು ಮಾಲೀಕ ಅವಳನ್ನು ಕೆಲಸದಿಂದ ಬಿಡಿಸಿದ. ಅವಳು ಮಡಕಶಿರದ ಹತ್ತಿರದ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋದಳು.

ಒಮ್ಮೆ ಬಸ್ಸು ಹತ್ತಿ ನೋಡಿಬರಲು ಹೋದೆ. ತಂಗಿ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. "ಬಿಸಿಲಿಗೆ ಬರೋದೇ ಇಲ್ಲ ಕಣಮ್ಮ. ಹೊಲದ ಕಡೆ ಕರೆದ್ರೂ ಒಲ್ಲೆ ಅಂತಾಳೆ," ಎಂದಳು. ಅಕ್ಕ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹಗಲು ಹೊತ್ತೇ ಆದರೂ ಕಿಟಕಿಗೆ ಗೋಣಿ ಕಟ್ಟಿದ್ದಳು.

"ಯಾಕಕ್ಕ ಹಿಂಗ? ನೀನ ಕಟ್ಟಿದ್ದಲ್ಲೇನು ಅದು?"

"ನಾ ಕಟ್ಟಿದ್ದು ಅಂತ ನನಗ ಗೊತ್ತೈತಿ. ಆಕಿಗೆ ಗೊತ್ತೈತೋ ಇಲ್ಲೋ..."

ಮುಂದಿನ ಬೇಸಿಗೆಯಲ್ಲಿ ಅವಳು ತೀರಿಹೋದ ಸುದ್ದಿ ಬಂತು. ಏನು ಕಾಯಿಲೆಯೆಂದು ತಂಗಿಗೂ ಗೊತ್ತಿರಲಿಲ್ಲ.

ನಾನೀಗ ಕಲ್ಯಾಣದುರ್ಗದಲ್ಲಿದ್ದೇನೆ. ಮನಸ್ಸು ತಡೆಯದೆ ನಿನ್ನೆ ರಾಯದುರ್ಗಕ್ಕೆ ಹೋಗಿಬಂದೆ. ಶೆಡ್ಡು ಇದ್ದ ಜಾಗದಲ್ಲಿ ಕಬ್ಬಿಣದ ಬಾಗಿಲಿನ ಒಂದು ಗುಡಿ ಎದ್ದಿದೆ. ಒಬ್ಬ ಹರೆಯದ ಹೆಂಗಸು ಹೊಸದಾಗಿ ಬಂದವರಿಗೆ ನೆಳ್ಳವ್ವನ ಮಹಿಮೆ ಹೇಳುತ್ತಿದ್ದಳು. ಸೂಜಿ ಮನೆ, ಕತ್ತರಿ ಮನೆ, ಯುದ್ಧ, ಶಾಪ, ಒಂದೂ ಬಿಟ್ಟಿರಲಿಲ್ಲ. ಕೊನೆಯಲ್ಲಿ ನಾನು ಕೇಳಿರದ ಒಂದು ಭಾಗ ಸೇರಿತ್ತು. ನೆಳ್ಳವ್ವನನ್ನೇ ಸುಳ್ಳೆಂದ ಒಬ್ಬ ದ್ರೋಹಿ ಇದ್ದಳಂತೆ, ಅವಳ ಹೊಲಿಗೆಯನ್ನು ನೆಳ್ಳವ್ವ ತನ್ನ ಕೈಯಿಂದಲೇ ಬಿಚ್ಚಿದಳಂತೆ.

"ಆಕಿ ಕೆಟ್ಟಾಕಿ ಅಲ್ಲವ್ವ. ಇದನ್ನೆಲ್ಲ ಕಟ್ಟಿದಾಕಿನ ಆಕಿ," ಎಂದೆ.

ಆ ಹೆಂಗಸು ಸಿಟ್ಟಾಗಲಿಲ್ಲ. ನನ್ನ ಹಿಮ್ಮಡಿಯ ಕಡೆ ನೋಡಿದಳು. "ಹಂಗ ಅನ್ನಬ್ಯಾಡ್ರಿ," ಎಂದಳು ಮೆಲ್ಲಗೆ.

ಅಕ್ಕನ ಹೆಸರನ್ನು ಅಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಬೇಕೆಂದುಕೊಂಡೆ. ಆ ಹೆಸರು ಗೊತ್ತಿರುವವರು ಆ ಊರಿನಲ್ಲಿ ಬೇರೆ ಯಾರೂ ಉಳಿದಿರಲಾರರು. ಬಾಯಿ ತೆರೆದೆ... ನನ್ನ ನೆರಳು ಕಣ್ಣಿಗೆ ಬಿತ್ತು, ಹೇಳದೆ ಬಂದುಬಿಟ್ಟೆ. ಇಲ್ಲಿ ಬರೆದುಬಿಡೋಣವೆಂದು ಬೆಳಗಿನಿಂದ ಕೂತಿದ್ದೇನೆ. ಕೈ ಮುಂದೆ ಹೋಗುತ್ತಿಲ್ಲ.