ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು

ಸಂಖ್ಯಾ ಸಿದ್ಧಾಂತವನ್ನು ಪಂಡಿತರ ಗೋಷ್ಠಿಗಳಿಂದ ಇಳಿಸಿ, ಪದವಿ ತರಗತಿಯ ಕಾಲು ಅಲ್ಲಾಡುವ ಬೆಂಚುಗಳವರೆಗೂ ತಂದವರಲ್ಲಿ ನಮ್ಮ ಮೇಡಂ ಅವರದು ಮೊದಲ ಸಾಲಿನ ಸ್ಥಾನ. ಮೂವತ್ತೆಂಟು ವರ್ಷಗಳ ಸೇವೆಯುದ್ದಕ್ಕೂ ಅವರು, ಅಂತಿಮ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಗೂ ಏಳಂಕಿಯ ಒಂದೊಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, “ಇದರ ಗುಣ ಎಲ್ಲಾ ತಿಳ್ಕೊಂಡು ಬಾ” ಎಂದು ಕಳುಹಿಸುತ್ತಿದ್ದರು. ನೆಂಟಸ್ತನ ಬೆಳೆಸುವವರೂ ಇಷ್ಟೊಂದು ವಿಚಾರಿಸಲಿಕ್ಕಿಲ್ಲವೆಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ನನ್ನ ಪಾಲಿಗೆ ಬಂದದ್ದು 10,22,117. ಅದು ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ, ಎಂದರೆ 1011ರೊಳಗಿನ, ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದಲೂ ಭಾಗಿಸಿ ನೋಡಬೇಕು. ಪಠ್ಯಪುಸ್ತಕದ ಕೊನೆಯ ಪುಟದ ಪಟ್ಟಿಯನ್ನು ಹಿಡಿದು ಎರಡರಿಂದ 997ರವರೆಗೆ ನೂರ ಅರವತ್ತೆಂಟು ಬಾರಿ ಭಾಗಿಸಿದೆ. ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗಲಿಲ್ಲ. “ಅವಿಭಾಜ್ಯ” ಎಂದು ಠೀವಿಯಿಂದ ಬರೆದುಕೊಟ್ಟೆ. ಮೇಡಂ ಹಾಳೆಯನ್ನು ನೋಡಿ, “ಇನ್ನೊಂದ್ಸಲ ನೋಡಮ್ಮ” ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. “ಬೆರಳು ಸವೆಯೋ ಹಾಗೆ ಭಾಗಿಸಿದ್ದೀನಿ ಮೇಡಂ, ಇನ್ನೇನು ನೋಡ್ಲಿ?” ಎಂದು ಹಾಳೆಯನ್ನು ಅವರ ಮೇಜಿನ ಮೇಲೇ ಬಿಟ್ಟು ಹೊರನಡೆದೆ. ಪರೀಕ್ಷೆ ಮುಗಿಸಿದೆ, ಎಂ.ಎಸ್ಸಿ. ಆಸೆಯನ್ನು ಕೈಬಿಟ್ಟೆ, ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಹನ್ನೊಂದು ವರ್ಷ ಆ ಕಡೆ ತಲೆಹಾಕಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಸುಮ್ಮನೆ ಕುಳಿತವಳು, ಹಳೆಯ ಲಕೋಟೆಯೊಂದರ ಹಿಂದೆ 1011ರ ವರ್ಗ ಮಾಡಿದೆ: 10,22,121. ನನ್ನ ಸಂಖ್ಯೆಗಿಂತ ನಾಲ್ಕೇ ಹೆಚ್ಚು! ನಾಲ್ಕೆಂದರೆ ಎರಡರ ವರ್ಗ. ಹಾಗಾದರೆ 1011ರಿಂದ ಎರಡನ್ನು ಕಳೆದರೆ ಒಂದು ಅಪವರ್ತನ, ಕೂಡಿದರೆ ಇನ್ನೊಂದು: 1009, 1013. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪುಸ್ತಕದ ಪಟ್ಟಿ ಸಾವಿರದೊಳಗೇ ನಿಂತಿತ್ತು. ಅದರ ಮುಂದಿನ ಅವಿಭಾಜ್ಯವೇ 1009. ಇನ್ನೊಂದೇ ಒಂದು ಸಲ ಭಾಗಿಸಿದ್ದರೆ ಸಾಕಿತ್ತು.

ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಓಡಿದೆ. ಇಷ್ಟು ದಿನ ಎಲ್ಲಿ ಹೋಗಿದ್ದೆಯೆಂದು ಮೇಡಂ ಕೇಳಲಿಲ್ಲ. ಬೀರುವಿನಿಂದ ನನ್ನ ಆ ಹಾಳೆಯನ್ನೇ ಹುಡುಕಿ ತೆಗೆದು, “ತಗೋ, ಮುಂದಿನ ಸಾಲು ಬರಿ” ಎಂದರು. ನಾನು ಅತ್ತುಬಿಟ್ಟೆ. ಎಂ.ಎಸ್ಸಿ.ಗೆ ಅರ್ಜಿ ತುಂಬಿಸಿದವರು, ರಜಾದಿನಗಳಲ್ಲೂ ಕೂರಿಸಿಕೊಂಡು ಪಾಠ ಹೇಳಿದವರು, ಕೊನೆಗೆ ಪಕ್ಕದ ಕುರ್ಚಿಯಲ್ಲೇ ಸಹೋದ್ಯೋಗಿಯಾಗಿ ಕುಳ್ಳಿರಿಸಿಕೊಂಡವರು ಅವರೇ. ಆ ಕುರ್ಚಿಯಲ್ಲಿ ನನಗೆ ಸಿಕ್ಕಿದ್ದು ಒಂಬತ್ತು ವರ್ಷ, ಇಪ್ಪತ್ತಾಗಬಹುದಿತ್ತು. ಅವರು ನಿವೃತ್ತರಾಗಿ ಹೊರಟು ನಿಂತಿರುವ ಈ ಹೊತ್ತಿನಲ್ಲಿ, ನಾನೇ ಕಳೆದುಕೊಂಡ ಆ ಹನ್ನೊಂದು ವರ್ಷಗಳಿಗಾಗಿ ಜೀವ ಹಂಬಲಿಸುತ್ತದೆ.

ಕಳೆದ ವಾರ ಮೇಜು ಖಾಲಿ ಮಾಡುತ್ತ ಮೇಡಂ, “ಮನೇಲಿ ಕೂತು ಏನ್ ಮಾಡ್ಲಿ? ಈ ಸಲ ನೀನೇ ನಂಗೊಂದು ಸಂಖ್ಯೆ ಕೊಡು” ಎಂದರು. ಮೂರು ದಿನ ಕುಳಿತು ಆರಿಸಿದ್ದೇನೆ. ಇಪ್ಪತ್ತು ಅಂಕಿಗಳದು, ಅದರ ಅಪವರ್ತನಗಳು ಅಕ್ಕಪಕ್ಕದವೂ ಅಲ್ಲ, ಬೇಗ ಸಿಗುವಷ್ಟು ಚಿಕ್ಕವೂ ಅಲ್ಲ. ಕಂಪ್ಯೂಟರ್ ಮುಟ್ಟದೆ ಪೆನ್ಸಿಲಿನಲ್ಲೇ ಒಂದೊಂದಾಗಿ ಭಾಗಿಸುತ್ತ ಹೋಗುವ ಅವರಿಗೆ ನೂರು ವರ್ಷವೂ ಸಾಲದು. ಉತ್ತರ ಸಿಗುವವರೆಗೂ ಮೇಡಂ ಚೆನ್ನಾಗಿರಲಿ, ಲೆಕ್ಕ ಮಾಡುತ್ತಲೇ ಇರಲಿ. ಎಲ್ಲಿಗೆ ಬಂತೆಂದು ಕೇಳಲು ವಾರವಾರವೂ ನಾನು ಅವರ ಮನೆಗೆ ಹೋಗುತ್ತೇನೆ.