ನಾಗಮ್ಮಕ್ಕನ ಹಾಸು, ಅಧ್ಯಕ್ಷರ ಕೀಲಿ

ನಮ್ಮ ಓಣಿಯ ತೋಟದ ಅಧ್ಯಕ್ಷರು ಹೋದ ತಿಂಗಳು ನೂಲಿಗೆ ಸಿಕ್ಕಿ ಬಿದ್ದರು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಬಿದ್ದರು. ಅವರ ಮೊಣಕಾಲು ತರಚಿತು. ಫೋನಿನ ಗ್ಲಾಸು ಒಡೆಯಿತು. ನಾಗಮ್ಮಕ್ಕನ ಸೀರೆಯ ಹಾಸು ಹರಿಯಿತು. ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ತಲೆ ಬಿಸಿಯಾಗುತ್ತದೆ.

ಮೊದಲು ತೋಟದ ವಿಷಯ. ನಾರಾಯಣಪೇಟೆಯ ನಮ್ಮ ಓಣಿಯ ತುದಿಗೆ ಒಂದು ಖಾಲಿ ಜಾಗ ಇತ್ತು. ಸುತ್ತಲಿನ ಕಸವೆಲ್ಲ ಅಲ್ಲೇ. ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಅದನ್ನು ತೋಟ ಮಾಡಿದವರು ಮಗ್ಗದ ಮನೆಗಳ ಹೆಂಗಸರು. ಅವರಲ್ಲಿ ಮುಂದೆ ನಿಂತವರು ನಾಗಮ್ಮಕ್ಕ. ಕಸ ಬಳಿದರು. ಕೊಡ ಹೊತ್ತು ನೀರು ಹಾಕಿ ಬೇವು, ಹೊಂಗೆ ಬೆಳೆಸಿದರು. ಓಣಿಯವರಲ್ಲಿ ಬೇಕಾದವರು ಮಡಿ ಮಾಡಿ ಪುಂಡಿಪಲ್ಯ, ಮೆಂತ್ಯ, ಚೆಂಡುಹೂ ಹಾಕಿಕೊಂಡರು.

ಮರಗಳನ್ನು ಎರಡು ಸಾಲಾಗಿ, ನಡುವೆ ಉದ್ದಕ್ಕೆ ಜಾಗ ಬಿಟ್ಟು ನೆಟ್ಟಿದ್ದು ಸುಮ್ಮನೆ ಅಲ್ಲ. ಸೀರೆಯ ಉದ್ದದ ಎಳೆಗಳಿಗೆ ಹಾಸು ಅಂತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲೇರುವ ಮೊದಲು ಒಣಗಿಸಬೇಕು. ಓಣಿಯಲ್ಲಿ ಬೈಕುಗಳ ಕಾಟ. ಇಲ್ಲಿ ನೆರಳು, ನೆಮ್ಮದಿ.

ತೋಟ ಹಸಿರಾಯಿತು. ಅಷ್ಟಾದ ಮೇಲೆ ಯಾರು ಬರುತ್ತಾರೆ? ನಾವು ಬಂದೆವು, ವಾಕಿಂಗ್ ಪಾರ್ಟಿ. (ನನಗೆ ಶುಗರ್. ಡಾಕ್ಟರ ಆರ್ಡರ್.) ನಮ್ಮ ಹಿಂದೆ ಕಾಂಪೌಂಡು, ಗೇಟು ಬಂದವು. ಗೇಟಿನ ಹಿಂದೆ ಕಮಿಟಿ ಬಂತು. ಅದಕ್ಕೆ ಅಧ್ಯಕ್ಷರು ಪ್ರಭಾಕರ ಸಾರು, ಸರ್ಕಾರಿ ಕಚೇರಿಯಿಂದ ರಿಟೈರ್ ಆದವರು. ಮಗ್ಗದ ಮನೆಯವರು ಒಬ್ಬರೂ ಕಮಿಟಿಯಲ್ಲಿಲ್ಲ. ಯಾಕೆ ಅಂತ ನಾನು ಕೇಳಿದ್ದಕ್ಕೆ ಸಾರು, "ಅವರಿಗೆ ಟೈಮ್ ಎಲ್ಲಿರ್ತೈತಿ ಮೇಡಂ?" ಅಂದಿದ್ದರು.

ಆವತ್ತು ಬೆಳಿಗ್ಗೆ ಸಾರು ಹೈದರಾಬಾದಿನ ಮಗಳ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತ ನಡೆಯುತ್ತಿದ್ದರು. "ಇಲ್ಲಿ ನೋಡವ್ವಾ, ನಮ್ಮ ಗಾರ್ಡನ್!" ಅಂತ ಫೋನು ಮೇಲೆತ್ತಿದರು. ಕೆಳಗೆ ನೋಡಲಿಲ್ಲ.

"ಏಂದಮ್ಮಾ ಇದಿ?" (ಸಿಟ್ಟು ಬಂದರೆ ಸಾರಿಗೆ ತೆಲುಗೇ ಬರುವುದು.) "ವಾಕಿಂಗ್ ಮಾಡೋ ಜಾಗದಾಗ ಹಗ್ಗ ಕಟ್ತೀರೇನ್ರಿ?"

"ಹಗ್ಗ ಅಲ್ರೀ ಸಾರ್, ಹಾಸು," ಅಂದರು ನಾಗಮ್ಮಕ್ಕ, ಹರಿದ ಎಳೆಗಳನ್ನು ಕೈಯಲ್ಲಿ ಹಿಡಿದುಕೊಂಡೇ. "ನೀವು ಫೋನ್ ನೋಡಿದಷ್ಟು ನೆಲ ನೋಡಿದ್ರ ಇಬ್ರದೂ ಉಳೀತಿತ್ತು."

ಸಂಜೆಗೇ ಮೀಟಿಂಗು. ಬೆಳಿಗ್ಗೆ ಅವರು ಹಾಸು ಕಟ್ಟಲಿ, ನಾವು ಸಂಜೆ ನಡೆಯೋಣ ಅಂದೆ. "ನಿಮ್ಮದು ಭಾವನಾತ್ಮಕ ಸಲಹೆ ಮೇಡಂ," ಅಂದರು ಸಾರು. (ಗಡಿಯಾರ ನೋಡಿ ಕೊಟ್ಟ ಸಲಹೆಯಲ್ಲಿ ಭಾವನೆ ಎಲ್ಲಿಂದ ಬಂತೋ!) ರೂಲ್ಸು ಆಗುವವರೆಗೆ ತೋಟ ಬಂದ್ ಅಂತ ತೀರ್ಮಾನವಾಯಿತು. ಗೇಟಿಗೆ ಸರಪಳಿ, ಕೀಲಿ. ಚಾವಿ ಅಧ್ಯಕ್ಷರ ಜೇಬಿಗೆ. ಅಷ್ಟರಲ್ಲಿ ಮಗಳ ಹೆರಿಗೆ ಅಂತ ಅಧ್ಯಕ್ಷರು ಹೈದರಾಬಾದಿಗೆ ಹೋದರು. ಜೇಬಿನ ಜೊತೆ ಚಾವಿಯೂ ಹೋಯಿತು.

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ? ಗೇಟಿನ ಸರಳುಗಳ ಸಂದಿಯಿಂದ ಪೈಪು ತೂರಿಸಿ ನೀರು ಬಿಟ್ಟೆವು. ಮುಂದಿನ ಮಡಿಗಷ್ಟೇ ತಲುಪಿತು. ಸಾರಿಗೆ ಫೋನ್ ಮಾಡಿದೆ.

"ತೋಟ ಸೇಫ್ ಐತಲ್ರೀ ಮೇಡಂ, ಯಾರೂ ಒಳಗ ಹೋಗಾಕ ಬರಂಗಿಲ್ಲ. ನಾನು ಬಂದ ಮ್ಯಾಲೆ ನೋಡೋಣು."

ನಾಗಮ್ಮಕ್ಕ ಏನು ಮಾಡಬೇಕು? ಗೇಟಿನ ಹೊರಗೆ, ರಸ್ತೆಯ ಬದಿಗೆ ಹಾಸು ಕಟ್ಟತೊಡಗಿದರು. ನಮ್ಮ ವಾಕಿಂಗೂ ಅದೇ ರಸ್ತೆಗೆ ಬಂತು. ಒಳಗೆ ಇಡೀ ತೋಟ ಖಾಲಿ. ಹೊರಗೆ ಹಾಸು, ನಾವು, ಎಮ್ಮೆಗಳು, ಸ್ಕೂಲ್ ವ್ಯಾನು!

ಒಂದು ಬೆಳಿಗ್ಗೆ ತರಕಾರಿ ಆಟೋ ರಿವರ್ಸ್ ಬಂತು. ಎಲ್ಲರೂ ಕೂಗಿದೆವು. ಡ್ರೈವರಿಗೆ ಕೇಳಿಸುವಷ್ಟರಲ್ಲಿ ಕೆಂಪು ಹಾಸು ಚಕ್ರಕ್ಕೆ ಸುತ್ತಿಕೊಂಡಿತ್ತು. ಅವನು ಇಳಿದು ಕೈಮುಗಿದ. ನಾಗಮ್ಮಕ್ಕ ಬೈಯಲಿಲ್ಲ. ರಸ್ತೆಯ ಮೇಲೆ ಕೂತು ಎಳೆ ಬಿಡಿಸತೊಡಗಿದರು. ನಾನೂ ಕೂತೆ. ಬಿಡಿಸಿದಷ್ಟೂ ತುಂಡು.

"ಬಿಡ್ರಿ ಮೇಡಂ, ಇದು ಇನ್ನ ಮಗ್ಗಕ್ಕ ಏರಂಗಿಲ್ಲ," ಅಂದರು. "ಮೊದಲಿನ ಸಲ ಗಂಟು ಹಾಕಿ ಉಳಿಸಿಕೊಂಡಿದ್ದೆ. ಈಗ ಯಾವುದಕ್ಕ ಯಾವುದು ಗಂಟು ಹಾಕ್ಲಿ?" ತುಂಡುಗಳನ್ನು ಸೆರಗಿಗೆ ತುಂಬಿಕೊಂಡರು.

ಅವರ ಗಂಡ ಆಶಪ್ಪನವರದು ಮಾತು ಕಡಿಮೆ. ನೆಟ್ಟಗೆ ಗೇಟಿನ ಹತ್ತಿರ ಹೋದರು. ಕೀಲಿಯನ್ನು ನೋಡಿದರು. ಆಮೇಲೆ ಇನ್ನೊಂದು ಬದಿಗೆ ಹೋಗಿ, ಭುಜ ಕೊಟ್ಟು, ಗೇಟನ್ನು ಕಂಬದ ತಿರುಗಣಿಯಿಂದಲೇ ಮೇಲೆತ್ತಿ ಇಳಿಸಿದರು. ಅದು ಕೀಲಿಯ ಕಡೆಗೆ ವಾಲಿ ತೆರೆದುಕೊಂಡಿತು.

"ಕೀಲಿ ನಾನು ಮುಟ್ಟಿಲ್ರಿ. ನೀವೆಲ್ಲ ಸಾಕ್ಷಿ."

ಒಳಗೆ ಹೋದರೆ ಪುಂಡಿ ಬರೀ ಕಡ್ಡಿ. ಮೆಂತ್ಯದ ಮಡಿ ಎಲ್ಲಿತ್ತು ಅಂತಲೇ ತಿಳಿಯುತ್ತಿರಲಿಲ್ಲ. ಮರಗಳು ಉಳಿದಿದ್ದವು. ಹೆಂಗಸರು ಕೊಡ ತಂದರು. ನಾನೂ ಹೊತ್ತೆ. ಮುಂದಿನ ವಾರ ನಾಗಮ್ಮಕ್ಕ ಮರಗಳ ನಡುವೆ ಹೊಸ ಹಾಸು ಕಟ್ಟಿದರು, ನಾವು ಕಾಂಪೌಂಡಿನ ಗುಂಟ ನಡೆದೆವು. ಯಾರೂ ಬೀಳಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಒಂದು ಕಮಿಟಿ ಬೇಕಿತ್ತೇ?

ಮೊನ್ನೆ ಸಾರು ಬಂದರು. ಮೊಮ್ಮಗ ಹುಟ್ಟಿದ ಪೇಢೆ ಕೊಟ್ಟರು. ಗೇಟು ನೋಡಿದರು.

"ಇದು ಜಬರ್ದಸ್ತಿ!"

"ಗಿಡ ಒಣಗಿದ್ವು ಸಾರ್."

"ಒಣಗಿದ್ರ ಒಣಗಲಿ ಮೇಡಂ, ಡಿಸಿಪ್ಲಿನ್ ಇತ್ತಲ್ರೀ!"

ಈಗ ಕಮಿಟಿ ಮತ್ತೆ ಸೇರುತ್ತದಂತೆ. ಯಾರೂ ಎತ್ತಲಾಗದಂಥ ಗೇಟು ಬೇಕಂತೆ.

ಅಲ್ರೀ ಸಾರ್, ತೋಟ ಮಾಡಿದವರು ಹೊರಗೆ, ಅದರಲ್ಲಿ ನಡೆಯುವವರೂ ಹೊರಗೆ. ಹಾಗಾದರೆ ಒಳಗಿನ ಜಾಗವನ್ನು ಯಾರಿಗೆ ಅಂತ ಕಾಯ್ದಿಡುತ್ತಿದ್ದೀರಿ?