ಉದ್ದವ್ವನ ಹೊಳಿ, ಯಂತ್ರದ ಹೋಳಿ

ಕೊಣ್ಣೂರಿನ ಉದ್ದವ್ವನಿಗೆ ಹನ್ನೊಂದು ತಾಸಿನ ಪಗಾರ ಇನ್ನೂ ಬರಬೇಕು. ಕಬ್ಬಿನ ಕಳೆ ತೆಗೆದದ್ದಕ್ಕಲ್ಲ, ಅರಿಶಿಣ ಕಿತ್ತದ್ದಕ್ಕೂ ಅಲ್ಲ. ಮಾತಾಡಿದ್ದಕ್ಕೆ. ಬಾಕಿ ಇಟ್ಟಿರುವುದು ಯಂತ್ರಕ್ಕೆ ಕನ್ನಡ ಕಲಿಸುತ್ತೇವೆಂದು ದೂರದ ಶಹರದಿಂದ ಬಂದ ಒಂದು ಕಂಪನಿ.

ಉದ್ದವ್ವ ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ. ಮದುವೆಯಾಗಿ ಕೊಣ್ಣೂರಿಗೆ ಬಂದು ನಲವತ್ತು ವರ್ಷ ದಾಟಿತು. ಸಾಲೆಯ ಕಟ್ಟೆ ಹತ್ತಿದ್ದು ಮತ ಹಾಕುವುದಕ್ಕೆ ಮಾತ್ರ. ಕೂಲಿ ಹೆಚ್ಚಿಸಿ ಎಂದು ನಮ್ಮ ಕೂಲಿಕಾರರ ಸಂಘ ಗೋಕಾಕದಲ್ಲಿ ಮೋರ್ಚಾ ತೆಗೆದಾಗ ಮೈಕು ಕೆಟ್ಟರೆ ಆಕೆಯನ್ನು ಟ್ರ್ಯಾಕ್ಟರ್ ಮೇಲೆ ನಿಲ್ಲಿಸುತ್ತಿದ್ದೆವು. ಒಮ್ಮೆ ಕೂಗಿದರೆ ಕಚೇರಿಯ ಒಳಕೋಣೆಯವರೂ ಕಿಟಕಿಗೆ ಬರುತ್ತಿದ್ದರು. ಅರ್ಜಿಗೆ ಮಾತ್ರ ಹೆಬ್ಬೆಟ್ಟು. ಆಕೆ ಹೇಳುತ್ತಿದ್ದಳು, ನಾವು ಬರೆಯುತ್ತಿದ್ದೆವು. ಬರೆಯುವಾಗ ಆಕೆಯ ಮಾತನ್ನು ಒಗೆದು ಇಸ್ತ್ರಿ ಮಾಡಿ ಕಾಗದಕ್ಕೆ ಇಳಿಸುತ್ತಿದ್ದೆವು. ಅದರಲ್ಲಿ ತಪ್ಪೇನಿದೆ ಎಂದು ನಮಗೆ ಆಗ ಅನ್ನಿಸಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮೂಡಲಗಿಯ ಗೊಬ್ಬರದ ಅಂಗಡಿ ಶ್ರೀಪಾಲ ಅವರ ಮಗಳು ಭಕ್ತಿ ನಮ್ಮ ಓಣಿಯ ಬುದ್ಧ ವಿಹಾರಕ್ಕೆ ಬಂದಳು. ಕಂಪ್ಯೂಟರ್ ಓದಿದ ಹುಡುಗಿ, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಆ ಕಂಪನಿ ಆಕೆಯನ್ನು ದನಿ ಕೂಡಿಸುವ ಕೆಲಸಕ್ಕೆ ಇಟ್ಟುಕೊಂಡಿತ್ತು. ಕಂಪನಿಯ ಯೋಜನೆ ಇಷ್ಟು: ಊರಿನವರು ಕಷ್ಟದಲ್ಲಿದ್ದಾಗ ಒಂದು ನಂಬರಿಗೆ ಫೋನ್ ಹಚ್ಚಬೇಕು. ಆ ಕಡೆ ಮನುಷ್ಯರು ಇರುವುದಿಲ್ಲ. ಯಂತ್ರವೇ ಮಾತು ಕೇಳಿ, ತಿಳಿದುಕೊಂಡು, ತಿರುಗಿ ಪ್ರಶ್ನೆ ಕೇಳಿ, ಯಾರಿಗೆ ಸುದ್ದಿ ಮುಟ್ಟಬೇಕೋ ಅವರಿಗೆ ಮುಟ್ಟಿಸುತ್ತದೆ. ಒಂದೇ ಗಳಿಗೆಯಲ್ಲಿ ಸಾವಿರ ಜನ ಒದರಿದರೂ ಸಾವಿರವನ್ನೂ ಕೇಳುತ್ತದೆ. ಆದರೆ ಅದಕ್ಕೆ ಮೊದಲು ನಮ್ಮ ಮಾತು ಕಲಿಸಬೇಕು. ಭಕ್ತಿ ಫೋನಿನಲ್ಲಿ ಚಿತ್ರ ತೋರಿಸುತ್ತಾಳೆ. ಕಂಡದ್ದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ತಾಸಿಗೆ ಇಷ್ಟು ಎಂದು ಪಗಾರ.

"ಮಾತಾಡಿದ್ರ ರೊಕ್ಕಾ ಕೊಡ್ತಾರ? ಇಷ್ಟ ದಿನಾ ಬಾಯಿ ಮುಚ್ಚ ಅಂತ ಬೈಸ್ಕೊಂಡ ಬಂದೇನಿ ನೋಡವಾ," ಎಂದು ಉದ್ದವ್ವ ಮುಂದೆ ಬಂದು ಕೂತಳು.

ಮೊದಲ ದಿನ ಘೋಷಣೆ ಕೂಗಿದಂತೆ ಕೂಗಿದಳು. ಫೋನು ಒಂದಕ್ಷರವನ್ನೂ ಬರೆಯಲಿಲ್ಲ.

"ಆಯಿ, ಹಂಗ ಒದರಬ್ಯಾಡ್ರಿ. ಅದರ ಕಿವಿ ಭಾಳ ನಾಜೂಕ ಅದಾವ," ಎಂದಳು ಭಕ್ತಿ. ಫ್ಯಾನು ಆರಿಸಿದಳು. ಫೋನನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದಳು. ಚಿತ್ರದಲ್ಲಿ ಒಂದು ಎಮ್ಮೆ ಇತ್ತು.

"ಎಮ್ಮಿ ಕೆಸರಾಗ ಸಿಕ್ಕೊಂಡೈತಿ," ಎಂದಳು ಉದ್ದವ್ವ ಮೆಲ್ಲಗೆ.

ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೆ ಒಂದು ಬಂದು ನಿಂತವು. ಕೇಳಿದ ಸದ್ದನ್ನು ಬರೆಯುವಷ್ಟು ಫೋನಿಗೆ ಬರುತ್ತಿತ್ತು, ಅರ್ಥ ಇನ್ನೂ ಕಲಿಯಬೇಕಿತ್ತು. ಸೊಸೆ ಸುಮನ ಗಟ್ಟಿಯಾಗಿ ಓದಿದಳು. ಉದ್ದವ್ವ ಬೆರಳಿನಿಂದ ಪರದೆ ಮುಟ್ಟಿ, ಬೆರಳನ್ನು ನೋಡಿಕೊಂಡಳು.

"ಇದ ನಾ ಹೇಳಿದ್ದನ?"

"ಹೌದ್ರಿ ಅತ್ತಿ."

"ಹಂಗಾರ ಬರದಾಕಿ ಯಾರು?"

"ನೀವ ಬರದ್ರಿ."

ಲಾಠಿ ಏಟಿಗೆ ತಲೆ ಒಡೆದಾಗಲೂ ಬೈಗುಳ ನಿಲ್ಲಿಸದ ಹೆಂಗಸು ಸುಮನಳಿಂದ ಆ ಸಾಲನ್ನು ಮೂರು ಸಲ ಓದಿಸಿದಳು. ಆ ಮೂರು ಮಾತನ್ನು ಅಳಿಸಬೇಡ ಎಂದು ಭಕ್ತಿಗೆ ತಾಕೀತು ಮಾಡಿದಳು.

ವಾರದೊಳಗೆ ಆಕೆ ಓಣಿಯ ಹೆಂಗಸರಿಗೆ ಮಾಸ್ತರಾದಳು. "ಮೊದಲ ಟಿಂಗ್ ಅನ್ನೂ ತನಕ ಕಾಯ್ರಿ. ಆಮ್ಯಾಲ ಬಾಜೂ ಮನಿಯಾಕಿ ಕಿವ್ಯಾಗ ಚಾಡಿ ಹೇಳಿದಂಗ ಹೇಳ್ರಿ. ಯಾರಿಗರ ಕಳಸೂಕಿಂತ ಮುಂಚೆ ಓದಾಕ ಬರೂವ್ರ ಕಡೆ ಓದಸ್ರಿ. ಬ್ಯಾಂಕಿನ ನಂಬರ ಕೇಳಿದ್ರ ಬಾಯಿಗೆ ಬೀಗಾ ಹಾಕ್ರಿ." ಹನ್ನೊಂದು ತಾಸು ಮಾತಾಡಿದಳು.

ಹನ್ನೊಂದು ತಾಸೂ ತಿರಸ್ಕಾರವಾಗಿ ತಿರುಗಿ ಬಂತು.

ನಮ್ಮ ಕಡೆ ನದಿಗೆ ಹೊಳೆ ಎನ್ನುತ್ತೇವೆ. ಬಾಯಲ್ಲಿ ಅದು ಹೊಳಿ. ನೀರೇರಿ ಊರಿಗೆ ನುಗ್ಗಿದರೆ "ಹೊಳಿ ಬಂತು" ಎನ್ನುತ್ತೇವೆ, ಅಷ್ಟೇ. ನೆರೆಯ ಚಿತ್ರ ನೋಡಿ ಉದ್ದವ್ವ "ಹೊಳಿ ಬಂದೈತಿ" ಎಂದಿದ್ದಳು. ದೂರದ ಶಹರದಲ್ಲಿ ಕೂತು ಇದನ್ನು ಕೇಳಿದ ಪರೀಕ್ಷಕರು ಬರೆದಿದ್ದರು: 'ಚಿತ್ರದಲ್ಲಿ ನದಿ ಇದೆ. ಮಾತಾಡಿದವರು ಹೋಳಿ ಹಬ್ಬದ ಬಗ್ಗೆ ಹೇಳಿದ್ದಾರೆ. ತಪ್ಪು.' ಆಮೇಲೆ 'ಐತಿ' ಬಂದಲ್ಲೆಲ್ಲ, 'ಹೋಗಾಕ' ಬಂದಲ್ಲೆಲ್ಲ 'ಅಶುದ್ಧ' ಎಂದು ಗುಂಡಿ ಒತ್ತಿದ್ದರು.

ಭಕ್ತಿ ತಲೆ ತಗ್ಗಿಸಿ ಹೇಳಿದಳು: "ಆಯಿ, ಇನ್ನೊಮ್ಮೆ ಮಾಡೂನ್ರಿ. 'ನದಿಗೆ ಪ್ರವಾಹ ಬಂದಿದೆ' ಅಂತ ಅಂದ್ರ ಪಾಸ್ ಆಕ್ಕೈತಿ. ಪಗಾರಾನೂ ಬರತೈತಿ."

"ಹೊಳಿ ಹೊಸ್ತಲಾ ದಾಟಿ ಒಳಗ ಬಂದಾಗ ಯಾವಾಕಿ ಪ್ರವಾಹ ಅಂತ ಒದರ್ತಾಳ? ನಾ ಸುಳ್ಳ ಕಲಿಸಿದ್ರ ಅದು ಸುಳ್ಳ ಕಲಿತೈತಿ. ನಾಳೆ ಮಂದಿ ಖರೆ ಒದರಿದಾಗ ಅದಕ್ಕ ತಿಳಿಯೂದಿಲ್ಲ." ಎದ್ದು ನಿಂತು ಸೆರಗು ಕೊಡವಿದಳು. "ಹಿಂದ ನಮ್ಮ ನೆರಳಾ ಹೊರಗ ಇಡ್ತಿದ್ರು. ಈಗ ನಮ್ಮ ದನೀನೂ ಹೊರಗ ಇಡಾಕತ್ತಾರ."

ಜೂನ್ ಮೊದಲ ವಾರ ವಿಹಾರದಲ್ಲೇ ಆ ಫೋನ್ ಲೈನಿನ ಪರೀಕ್ಷೆ ಇಟ್ಟರು. ಕಂಪನಿಯ ಒಬ್ಬ ಸಾಹೇಬರು, ಪಂಚಾಯಿತಿಯ ಯಲ್ಲೇಶ, ಓಣಿಯ ಮಂದಿ ಸೇರಿದ್ದರು. ಉದ್ದವ್ವ ಫೋನ್ ಹಚ್ಚಿ, "ಹೊಳಿ ಬಂದೈತಿ, ಲಗೂನ ಬರ್ರಿ," ಎಂದಳು.

ಜೇನಿನಂಥ ದನಿಯಲ್ಲಿ ಯಂತ್ರ ಹೇಳಿತು: "ಹೋಳಿ ಹಬ್ಬದ ಶುಭಾಶಯಗಳು. ಹಬ್ಬದ ಬಂದೋಬಸ್ತಿನ ಬಗ್ಗೆ ದೂರು ಇದೆಯೇ?"

ವಿಹಾರವೆಲ್ಲ ನಕ್ಕಿತು. "ಕಾಕೂ, ಬಣ್ಣಾ ತಗೊಂಡ ಬರ್ಲ್ಯಾ?" ಎಂದ ಯಲ್ಲೇಶ.

ಹೊಳೆದಂಡೆಯ ಕೆಳಗಿನ ಓಣಿಯ ಭರಮವ್ವ ಮಾತ್ರ ನಗಲಿಲ್ಲ. "ನಗ್ರಿ, ನಗ್ರಿ. ಹತ್ತೊಂಬತ್ತರಾಗ ಹೊಳಿ ಬಂದಾಗ ಎರಡ ದಿನಾ ಮಾಳಗಿ ಮ್ಯಾಲ ಮಳ್ಯಾಗ ಕುಂತಾಕಿ ನಾ. ಅವತ್ತ ಇದಕ್ಕ ಫೋನ್ ಹಚ್ಚಿದ್ರ ನನಗ ಗುಲಾಲ ಕಳಸ್ತಿತ್ತು."

ನಗು ನಿಂತಿತು. ಆಷಾಢ ಎದುರಿಗಿತ್ತು. ಹೊಳೆ ಏರುವುದಕ್ಕೆ ಹೆಚ್ಚೆಂದರೆ ಎರಡು ತಿಂಗಳು.

ಉದ್ದವ್ವ ಭಕ್ತಿಯನ್ನು ಪಕ್ಕಕ್ಕೆ ಕರೆದಳು. "ಇದಕ್ಕ ಬೈದ ಏನ್ ಮಾಡೂದೈತಿ? ಕೂಸ ಐತಿದು. ಎಷ್ಟ ಮಂದಿ ಹೇಳಿದ್ರ ಕಲಿತೈತಿ ಹೇಳು."

"ಎಷ್ಟ ಹೆಚ್ಚ ಅಷ್ಟ ಚಲೋರಿ. ಬ್ಯಾರೆ ಬ್ಯಾರೆ ಗಂಟಲಾ ಬೇಕು."

"ಗಂಟಲಾ ನಾ ತರ್ತೇನಿ. ಆದ್ರ ತಪ್ಪು ಒಪ್ಪು ಹೇಳೂವ್ರು ಈ ಹೊಳಿ ನೀರು ಕುಡದವ್ರ ಇರಬೇಕು. ಅದನ್ನ ನಿಮ್ಮ ಸಾಹೇಬಗ ಹೇಳು."

ಭಕ್ತಿ ಹೇಳಿದಳು. ತಾನೇ ಕೂತು ಪರೀಕ್ಷಿಸುತ್ತೇನೆ, ಒಪ್ಪದಿದ್ದರೆ ಕೆಲಸ ಬಿಡುತ್ತೇನೆ ಎಂದೂ ಹೇಳಿದಳು. ಸಾಹೇಬರು ಗೊಣಗುತ್ತ ಒಪ್ಪಿದರು. ಹಳೆಯ ಹನ್ನೊಂದು ತಾಸಿನ ಫೈಲು ಮಾತ್ರ ಮುಚ್ಚಿಹೋಗಿದೆ ಎಂದರು.

ಹೆಂಗಸರು ಬಂದರು, ಬಾಯಿ ಬಿಡಲಿಲ್ಲ. ಸುಳ್ಳುಸುಳ್ಳೇ "ಹೊಳಿ ಬಂತು" ಎನ್ನುವುದು ನಮ್ಮಲ್ಲಿ ಅಪಶಕುನ. ಅಂದರೆ ಖರೆಯಾಗಿಯೇ ಬರುತ್ತದಂತೆ. "ನೀ ಅನ್ನು ಬೇಕಾದ್ರ. ನನ್ನ ಬಾಯಾಗಿಂದ ಬ್ಯಾಡ," ಎಂದು ಯಲ್ಲಕ್ಕ ಹಿಂದೆ ಸರಿದಳು.

ಉದ್ದವ್ವ ಸೊಂಟಕ್ಕೆ ಕೈ ಇಟ್ಟಳು. "ಕರದ್ರ ಬರೂದಾಗಿದ್ರ ಬ್ಯಾಸಗ್ಯಾಗ ಯಾಕ ಬರಲಿಲ್ಲ? ಕೊಡಾ ಹಿಡದ ಕರದು ಕರದು ಗಂಟಲಾ ಒಣಗಿದ್ವಲ್ಲ!"

ಯಲ್ಲಕ್ಕನಿಗೇ ಮೊದಲು ನಗು ಬಂತು. ಆಮೇಲೆ ತಡೆಯಿಲ್ಲ. ನಲವತ್ತು ಹೆಂಗಸರು ಐದು ವಾರ ಹೇಳಿದರು. ಅಳುತ್ತ ಹೇಳಿದರು, ಏದುಸಿರು ಬಿಡುತ್ತ ಹೇಳಿದರು, ಎಲೆಯಡಿಕೆ ಬಾಯಲ್ಲಿ ಇಟ್ಟುಕೊಂಡು ಹೇಳಿದರು. ಹಲ್ಲಿಲ್ಲದ ಮುದುಕಿಯರ ಮಾತನ್ನು ಭಕ್ತಿ ಹತ್ತು ಸಲ ಕೇಳಿ ಒಂದೊಂದೇ ಅಕ್ಷರ ಕೂಡಿಸಿದಳು. ಇದರಿಂದ ಯಂತ್ರ ಹೇಗೆ ಕಲಿಯುತ್ತದೆ ಎಂದು ಕೇಳಿದೆ. ಅದಕ್ಕೆ ಯಾರೂ ವ್ಯಾಕರಣ ಹೇಳಿಕೊಡುವುದಿಲ್ಲವಂತೆ. ಸಾವಿರಾರು ಗಂಟಲು ಕೇಳಿ ಕೇಳಿ, ಯಾವ ಮಾತಿನ ಪಕ್ಕ ಯಾವ ಮಾತು ನಿಲ್ಲುತ್ತದೆ ಎಂಬುದನ್ನು ತಾನೇ ಹಿಡಿಯುತ್ತದಂತೆ. ಕೂಸು ಅವ್ವನ ಕಂಕುಳಲ್ಲಿ ಕೂತು ಕಲಿಯುವುದೂ ಹೀಗೇ ಅಲ್ಲವೇ?

ಜುಲೈ ಮಧ್ಯದಲ್ಲಿ ಎರಡನೇ ಪರೀಕ್ಷೆ. ಉದ್ದವ್ವ ಬೇಕೆಂದೇ ತೊಡಕಿನ ಮಾತು ಹೂಡಿದಳು:

"ಹೋಳಿ ಹುಣ್ಣಿವ್ಯಾಗ ಹೊಳಿ ಬತ್ತಿತ್ತು. ಈಗ ಹೊಳಿ ಬಂದೈತಿ."

ಯಂತ್ರ ಕೇಳಿತು: "ನದಿಯ ನೀರು ಮನೆಯೊಳಗೆ ಬಂದಿದೆಯೇ? ಎಷ್ಟು ಜನ ಇದ್ದೀರಿ? ನಡೆಯಲಾಗದವರು ಇದ್ದಾರೆಯೇ?"

"ಅಬಾಬಾ," ಎಂದಳು ಉದ್ದವ್ವ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ತಿರಗಿ ಕೇಳಾಕತ್ತೈತಿ ನೋಡ್ರಿ! ನಡ್ಯಾಕ ಬರದವ್ರ ಅದಾರೇನು ಅಂತ ಕೇಳಾಕತ್ತೈತಿ. ಮೂವತ್ತ ವರ್ಷ ಕಚೇರಿ ತಿರಗೇನಿ, ಒಬ್ಬ ನನ್ಮಗ ಹಿಂಗ ಕೇಳಿಲ್ಲ."

ಯಲ್ಲೇಶ ಚಪ್ಪಾಳೆ ತಟ್ಟಿದ. ಹರಿಯುವ ಹೊಳಿಯನ್ನೂ ಬಣ್ಣದ ಹೋಳಿಯನ್ನೂ ಒಂದೇ ಉಸಿರಿನಲ್ಲಿ ಬೇರೆ ಮಾಡಿದ ಆ ಹಿಡಿಯಷ್ಟು ಸಾಮಾನನ್ನು ಉಳಿದವರು ಬಗ್ಗಿ ಬಗ್ಗಿ ನೋಡಿದೆವು.

ಆಗಸ್ಟಿನಲ್ಲಿ ಹೊಳೆ ಬಂತು. ಕೆಳಗಿನ ಓಣಿಗೆ ಮೊಣಕಾಲುದ್ದ ನೀರು. ಭರಮವ್ವ ಫೋನ್ ಹಚ್ಚಿ, "ಹೊಳಿ ಬಂತವಾ! ನಾ ಒಬ್ಬಾಕಿ, ಎರಡ ಆಡು," ಎಂದು ಒದರಿದಳು. ಮುಕ್ಕಾಲು ತಾಸಿನಲ್ಲಿ ಟ್ರ್ಯಾಕ್ಟರ್ ಬಂತು. ಆಡುಗಳ ಸಲುವಾಗಿ ಹಗ್ಗವನ್ನೂ ತಂದಿದ್ದರು.

ಅದೇ ದಿನ ದಡ್ಡಿಯಿಂದ ಒಬ್ಬ ಮುದುಕಿ ಅದೇ ನಂಬರಿಗೆ ಫೋನ್ ಹಚ್ಚಿ, "ಪೂರ ಬಂದೈತಿ," ಎಂದಳು. ಆ ಕಡೆ ಮರಾಠಿಯ ಬಳಕೆ ಹೆಚ್ಚು. ನೆರೆಗೆ ಪೂರ ಎನ್ನುತ್ತಾರೆ. ಯಂತ್ರ 'ಪೂರಾ ಬಂದಿದೆ' ಎಂದು ತಿಳಿದು, "ಯಾವ ಸಾಮಾನು ಪೂರ್ತಿ ಬಂದಿದೆ?" ಎಂದು ಕೇಳಿತು. ಮೂರು ಸಲ ಕೇಳಿತು. ಮುದುಕಿಯನ್ನು ಕಡೆಗೆ ನೆರೆಮನೆಯ ಶಿದ್ರಾಮ ಹೆಗಲ ಮೇಲೆ ಹೊತ್ತು ತಂದ. ಆಕೆಯ ಜೀವ ಉಳಿಯಿತು, ಆದರೆ ಅಷ್ಟರಲ್ಲಿ ನೀರಿನಲ್ಲಿ ಜಾರಿ ಕಾಲು ಮುರಿದಿತ್ತು.

ಸುದ್ದಿ ಕೇಳಿ ಉದ್ದವ್ವ ಗೋಡೆಗೆ ಒರಗಿದಳು. "ಅದು ನನ್ನ ತವರಮನಿ ಮಾತ. ಹುಟ್ಟಿದಾಗಿಂದ ಅಂದೇನಿ. ಆ ಪರೀಕ್ಷಕಗ ಬೈಕೋತ ಕುಂತೆ, ನಾ ಅದನ್ನ ಹೇಳೂದ ಮರತೆ." ಮರುದಿನ ಭಕ್ತಿಯ ಗಾಡಿಯ ಹಿಂದೆ ಕೂತು ದಡ್ಡಿಗೆ ಹೋದಳು. ಈಗಲೂ ವಾರಕ್ಕೊಮ್ಮೆ ಹೋಗುತ್ತಾಳೆ. ಅಲ್ಲಿಯ ಹೆಂಗಸರ ಮಾತು ಫೋನಿಗೆ ತುಂಬುತ್ತಿದ್ದಾಳೆ.

ಇದನ್ನು ಓದುತ್ತಿರುವ ನೀವು ಅಕ್ಷರ ಬಲ್ಲವರು. ಯಂತ್ರಕ್ಕೆ ಕಲಿಸುವ ಮಾತನ್ನು ಕೇಳಿ ತಪ್ಪು ಒಪ್ಪು ಹೇಳುವ ಕೆಲಸ ನಿಮ್ಮಂಥವರಿಗೇ ಸಿಗುತ್ತದೆ. ನಿಮ್ಮ ಮಗಳು ಈಗಲೇ ಅದನ್ನು ಮಾಡುತ್ತಿರಬಹುದು. ಎಂದೂ ಕೇಳದ ಮಾತು ಕಿವಿಗೆ ಬಿದ್ದರೆ 'ಅಶುದ್ಧ' ಎಂಬ ಗುಂಡಿ ಒತ್ತಬೇಡಿ. 'ನನಗೆ ಗೊತ್ತಿಲ್ಲ' ಎಂದು ಬರೆಯಿರಿ, ನಿಮ್ಮ ಹೆಸರು ಹಾಕಿ ಬರೆಯಿರಿ. ಆಮೇಲೆ ಆ ಮಾತಾಡಿದವಳ ಊರಿಗೆ ಫೋನ್ ಹಚ್ಚಿ, ಆಕೆಯನ್ನೇ ಕೇಳಿ.